ಮುತ್ತು ಕಟ್ಟಿದ ಗುಡ್ಡ, ಮುತ್ತು ಬಿಚ್ಚಿದ ಊರು



ಬನಹಟ್ಟಿ, ರಬಕವಿ, ತೇರದಾಳ, ಮಹಾಲಿಂಗಪುರದ ಕಡೆ ಯಾರಾದರೂ "ಗುಡ್ಡಕ್ಕ ಹೊಂಟೇವಿ" ಅಂದರೆ ಯಾವ ಗುಡ್ಡ ಎಂದು ಯಾರೂ ಕೇಳುವುದಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡವೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂದವೆಂದರೆ ನಮ್ಮ ಓಣಿಗಳಲ್ಲಿ ಮಗ್ಗದ ಸದ್ದು ಇಳಿದು ಟ್ರ್ಯಾಕ್ಟರ್ ಸದ್ದು ಏರುತ್ತದೆ. ಸಜ್ಜಿ ರೊಟ್ಟಿ, ಹೋಳಿಗೆ, ಕಡಬು, ಬದನೆಕಾಯಿ ಪಲ್ಯ ಕಟ್ಟಿಕೊಂಡು, ಹಣೆತುಂಬ ಭಂಡಾರ ಹಚ್ಚಿಕೊಂಡು, ಉಧೋ ಉಧೋ ಎನ್ನುತ್ತ ಮುಧೋಳ, ಲೋಕಾಪುರ ದಾಟಿ ಜನ ಹೋಗುತ್ತಾರೆ. ದಾರಿ ನೂರು ಕಿಲೋಮೀಟರ್ ಆಸುಪಾಸು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾದ ಮೇಲೆ ಹುಣ್ಣಿಮೆಯನ್ನೇ ಕಾಯದೆ ಮಂಗಳವಾರ, ಶುಕ್ರವಾರ ಹೋಗಿಬರುವವರೂ ಹೆಚ್ಚಾಗಿದ್ದಾರೆ.

ಅದೇ ಗುಡ್ಡಕ್ಕೆ ಇನ್ನೊಂದು ಚರಿತ್ರೆಯಿದೆ. ಏಳು, ಎಂಟು, ಹತ್ತು ವರ್ಷದ ಹೆಣ್ಣುಮಕ್ಕಳ ಕೊರಳಿಗೆ ಕೆಂಪು ಬಿಳಿ ಮಣಿಯ ಸರ ಕಟ್ಟಿ, ಇವಳು ಇನ್ನು ದೇವಿಯವಳು, ಇವಳಿಗೆ ಮದುವೆಯಿಲ್ಲ ಎಂದು ಸಾರಿದ ಚರಿತ್ರೆ ಅದು. ನಮ್ಮ ಕಡೆ ಅದಕ್ಕೆ ಮುತ್ತು ಕಟ್ಟುವುದು ಎನ್ನುತ್ತಾರೆ, ಹಾಗೆ ಕಟ್ಟಿಸಿಕೊಂಡವರೇ ದೇವದಾಸಿಯರು. ಹಾಗೆ ಮುತ್ತು ಕಟ್ಟಿಸಿಕೊಂಡ ಒಬ್ಬ ಹುಡುಗಿ ಬೆಳೆದು, ತನ್ನ ಕೊರಳಿನ ಸರವನ್ನು ತೆಗೆದಿಟ್ಟು, ಸಾವಿರಾರು ಹೆಣ್ಣುಮಕ್ಕಳ ಕೊರಳಿನಿಂದಲೂ ಅದನ್ನು ತೆಗೆಸಲು ಟೊಂಕ ಕಟ್ಟಿ ನಿಂತರು. ಅವರು ಸೀತವ್ವ ಜೋಡಟ್ಟಿ. ಅವರ ಬದುಕಿಗೂ ಅವರಂಥವರ ಹೋರಾಟಕ್ಕೂ ಸಂಬಂಧಪಟ್ಟ ಜಾಗಗಳನ್ನು ನೋಡಬೇಕೆಂದು ಕೆಲವು ಗೆಳತಿಯರೊಂದಿಗೆ ಹೊರಟಿದ್ದೆ. ಆ ತಿರುಗಾಟದ ಮಾತು ಇದು.

ಎಲ್ಲರಂತೆ ನಾವೂ ಜೋಗುಳಬಾವಿಯಿಂದಲೇ ಶುರುಮಾಡಿದೆವು. ಸವದತ್ತಿಯ ಬಳಿ, ಗುಡ್ಡ ಹತ್ತುವ ಮುಂಚೆ ಸಿಗುವ ಜಾಗ ಅದು. ಸತ್ಯಮ್ಮನ ಗುಡಿ, ನೀರಿನ ಹೊಂಡ. ಗಂಡ ಜಮದಗ್ನಿಯ ಶಾಪದಿಂದ ಮೈ ಕೆಟ್ಟ ರೇಣುಕೆ, ಅಂದರೆ ಯಲ್ಲಮ್ಮ, ಇಲ್ಲಿ ಮಿಂದು ಗುಣವಾದಳು ಎಂಬುದು ಸ್ಥಳದ ನಂಬಿಕೆ. ಆದ್ದರಿಂದ ಯಾತ್ರೆಗೆ ಬಂದವರು ಮೊದಲು ಇಲ್ಲಿ ಮಿಂದು ಆಮೇಲೆ ಮೇಲಕ್ಕೆ ಹೋಗುವುದು ಪದ್ಧತಿ. ಬೇವಿನುಡಿಗೆಯ ಹರಕೆ ಹೊತ್ತವರು ಮೈಗೆ ಬೇವಿನ ತೊಪ್ಪಲು ಸುತ್ತಿಕೊಂಡು ಹೊರಡುತ್ತಿದ್ದದ್ದೂ ಇಲ್ಲಿಂದಲೇ. ಮುತ್ತು ಕಟ್ಟಬೇಕಾದ ಮಗುವನ್ನೂ ಮೊದಲು ಇಲ್ಲಿಗೇ ತರುತ್ತಿದ್ದರು. ಮೀಸಿ, ಹೊಸ ಬಟ್ಟೆ ಉಡಿಸಿ, ಹಿರಿಯ ಜೋಗತಿಯರ ನಡುವೆ ನಿಲ್ಲಿಸಿ ಕರೆದೊಯ್ಯುತ್ತಿದ್ದರು. ಏಳು ವರ್ಷದ ಮಗುವಿಗೆ ಅದು ಹಬ್ಬದಂತೆಯೇ ಕಂಡಿರಬೇಕು. ಹೊಸ ಬಟ್ಟೆ, ಹಸಿರು ಬಳೆ, ಸಿಹಿಯೂಟ, ಎಲ್ಲರ ಕಣ್ಣೂ ತನ್ನ ಮೇಲೆ. ತನಗೆ ಏನು ಮಾಡುತ್ತಿದ್ದಾರೆಂದು ಆ ಮಗುವಿಗೆ ತಿಳಿಯುವುದು ಐದಾರು ವರ್ಷ ಕಳೆದು, ಮೈನೆರೆದ ಮೇಲೆ.

ಮೇಲಿನ ಗುಡಿ ಹಳೆಯದು. ರಾಯಬಾಗದ ಬೊಮ್ಮಪ್ಪ ನಾಯಕ 1514ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಎಣ್ಣೆ ಹೊಂಡ, ಪರಶುರಾಮನ ಗುಡಿ, ಭಂಡಾರ ಹಾರಿ ಹಳದಿಯಾದ ಕಲ್ಲುಗಳು, ಚೌಡಿಕೆಯ ನಾದ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗಪ್ಪಂದಿರು. ನನಗೆ ಈ ಗುಡ್ಡದ ಮೇಲೆ ಪ್ರೀತಿಯಿದೆ. ನಮ್ಮ ಅವ್ವ, ಅಜ್ಜಿ ಇಲ್ಲಿ ಪಡ್ಡಲಗಿ, ಅಂದರೆ ದೇವಿಯ ಬುಟ್ಟಿ, ತುಂಬಿಸಿದವರು. ಹೊಸ್ತಿಲ ಹುಣ್ಣಿಮೆಗೆ ದೇವಿಯ ವೈಧವ್ಯಕ್ಕೆ ಬಳೆ ಒಡೆದು, ಮುತ್ತೈದೆ ಹುಣ್ಣಿಮೆಗೆ ಮತ್ತೆ ಬಳೆ ಇಟ್ಟುಕೊಳ್ಳುವ ಹೆಂಗಸರನ್ನು ಕಂಡರೆ, ದೇವಿಯ ದುಃಖವನ್ನು ತಮ್ಮ ಮೈಮೇಲೆ ಹಾಕಿಕೊಳ್ಳುವ ಅವರ ಭಕ್ತಿಗೆ ನನ್ನ ತಲೆ ಬಾಗುತ್ತದೆ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆ ಭಕ್ತಿಯನ್ನು ಮುಂದಿಟ್ಟುಕೊಂಡು ಬಡವರ ಮಗಳನ್ನು ಊರಿನ ಉಳ್ಳವರಿಗೆ ಒಪ್ಪಿಸಿದ ಏರ್ಪಾಟಿನ ಬಗ್ಗೆ ನನ್ನ ಸಂಕಟ.

ಬಡವರ ಮಗಳು ಎಂದೆ. ಇನ್ನೂ ಬಿಚ್ಚಿ ಹೇಳಬೇಕು. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳು, ಹೊಲ ಇಲ್ಲದ ಕೂಲಿಯ ಮನೆಗಳವರು. ಗಂಡುಮಗು ಇಲ್ಲ, ಮನೆಯಲ್ಲಿ ಬೇನೆ ಬಿಡುತ್ತಿಲ್ಲ, ಮಗಳ ತಲೆಯಲ್ಲಿ ಜಡೆ ಮೂಡಿತು, ಇವೇ ಕಾರಣಗಳು. ಜಡೆ ಎಂದರೆ ಎಣ್ಣೆ, ಬಾಚಣಿಗೆ ಕಾಣದೆ ಗಂಟುಗಟ್ಟಿದ ಕೂದಲು. ಅದನ್ನು ದೇವಿಯ ಕರೆ ಎಂದು ತಿಳಿದು ಭಂಡಾರ ಹಚ್ಚಿದರೆ ಗಂಟು ಮತ್ತಷ್ಟು ಬಿಗಿಯುತ್ತದೆ. ಇನ್ನೊಂದು ಕಾರಣ ಹೊಟ್ಟೆಪಾಡಿನದು. ಮದುವೆಯಾದ ಮಗಳು ಗಂಡನ ಮನೆಗೆ ಹೋಗುತ್ತಾಳೆ, ಮುತ್ತು ಕಟ್ಟಿಸಿಕೊಂಡವಳು ಮಗನಂತೆ ತವರಿನಲ್ಲೇ ಉಳಿದು ಮುಪ್ಪಿನಲ್ಲಿ ನೋಡಿಕೊಳ್ಳುತ್ತಾಳೆ. ತಾಯಿತಂದೆಗಳು ಕಟುಕರಾಗಿದ್ದರು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅವರಿಗೆ ಮುಪ್ಪಿನ ಕೂಳಿನ ಚಿಂತೆ ಇತ್ತು, ಊರಿನ ದೊಡ್ಡವರಿಗೆ ಇರಲಿಲ್ಲ. ಗೌಡಕಿಯ ಮನೆಯ ಮಗಳನ್ನು ದೇವಿ ಬೇಡಿದ ಕಥೆಯನ್ನು ನಾನಂತೂ ನಮ್ಮ ಸೀಮೆಯಲ್ಲಿ ಕೇಳಿಲ್ಲ.

ಇದನ್ನು ಗುಲಾಮಗಿರಿ ಎನ್ನಬಹುದೇ ಎಂದು ಜೊತೆಗಿದ್ದ ಗೆಳತಿಯೊಬ್ಬಳು ಗುಡಿಯ ಮೆಟ್ಟಿಲ ಮೇಲೆ ಕೂತು ಕೇಳಿದಳು. ತನ್ನ ಮೈ ತನ್ನದಲ್ಲ, ಬಿಟ್ಟು ಹೋಗುವ ದಾರಿಯಿಲ್ಲ, ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಲ್ಲ, ತಂದೆಯ ಆಸ್ತಿಯಲ್ಲಿ ಪಾಲಿಲ್ಲ, ಒಪ್ಪಿಗೆ ಕೊಡುವ ವಯಸ್ಸಿಗೆ ಮುಂಚೆಯೇ ಎಲ್ಲ ತೀರ್ಮಾನವಾಗಿರುತ್ತದೆ. ಇದಕ್ಕೆ ಬೇರೆ ಯಾವ ಹೆಸರು ಕೊಡುವುದು? ಜೋತಿಬಾ ಫುಲೆ ಅವರು 1873ರಲ್ಲಿ 'ಗುಲಾಮಗಿರಿ' ಪುಸ್ತಕ ಪ್ರಕಟಿಸಿದಾಗ ಅದನ್ನು ಅರ್ಪಿಸಿದ್ದು ಕರಿಯರ ದಾಸ್ಯವನ್ನು ತೊಡೆದ ಅಮೆರಿಕದ ಸಜ್ಜನರಿಗೆ. ಅಲ್ಲಿಯ ಸಂಕೋಲೆಗೂ ಇಲ್ಲಿಯ ಸಂಕೋಲೆಗೂ ನಂಟಿದೆಯೆಂದು ಅವರು ಒಂದೂವರೆ ನೂರು ವರ್ಷದ ಹಿಂದೆಯೇ ಕಂಡಿದ್ದರು.

ಕಾನೂನಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ಗುಡಿಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಮುಂಬಯಿ ಪ್ರಾಂತ 1934ರಲ್ಲಿ ದೇವದಾಸಿಯರ ರಕ್ಷಣೆಗೆ ಕಾಯ್ದೆ ಮಾಡಿ, ಮುತ್ತು ಕಟ್ಟಿಸಿಕೊಂಡವಳ ಮದುವೆ ಕಾನೂನಿಗೆ ಸರಿ ಎಂದಿತು. ಮದರಾಸಿನ ಕಾಯ್ದೆ ಬಂದದ್ದು 1947ರಲ್ಲಿ. ಮುಂಬಯಿ ಕಾಯ್ದೆ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳಿಗೆ ಅನ್ವಯಿಸಿತು. ಆದರೆ ಆಗ ನಮ್ಮ ಊರುಗಳು ಬ್ರಿಟಿಷ್ ಜಿಲ್ಲೆಗಳಲ್ಲಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಮುಂಬಯಿಯ ಶಾಸನಸಭೆ ಮಾಡಿದ ಕಾಯ್ದೆ ಸಂಸ್ಥಾನದ ಗಡಿಯಲ್ಲಿ ನಿಂತುಬಿಡುತ್ತಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ, ಕೆಲವೇ ಹರದಾರಿ ಆಚೆ ಅಪರಾಧವಾಗಿದ್ದ ಕೆಲಸಕ್ಕೆ ಇಲ್ಲಿ ಆ ಕಾಯ್ದೆಯ ಭಯ ಇರಲಿಲ್ಲ. ಜಮಖಂಡಿಯ ರಾಮತೀರ್ಥದ ಅರಮನೆ ನೋಡಲು ಹೋಗುವವರು ಇದನ್ನೂ ನೆನೆಯಬೇಕೆಂದು ನನಗನ್ನಿಸುತ್ತದೆ.

ಇನ್ನೊಂದು ಮಾತು ಈ ನಡುವೆಯೇ ಬರಬೇಕು. 1936ರ ಜೂನ್ 16ರಂದು ಮುಂಬಯಿಯ ಪರಳದ ದಾಮೋದರ ಹಾಲಿನಲ್ಲಿ ಬಾಬಾಸಾಹೇಬ ಅಂಬೇಡ್ಕರರು ದೇವದಾಸಿ, ಜೋಗತಿ, ಮುರಳಿಯರ ಮುಂದೆ ನಿಂತು ಈ ಬದುಕನ್ನು ಬಿಟ್ಟುಬಿಡಿ ಎಂದು ನೇರವಾಗಿ ಕೇಳಿಕೊಂಡರು. ನಮ್ಮ ಗಡಿಭಾಗದಿಂದ ಎಷ್ಟೊಂದು ಹೆಣ್ಣುಮಕ್ಕಳು ಮುಂಬಯಿ, ಪುಣೆ, ಸಾಂಗಲಿಯ ಓಣಿಗಳಿಗೆ ಹೋಗಿ ಸೇರಿದರು ಎಂಬುದನ್ನು ಬಲ್ಲವರಿಗೆ ಆ ಸಭೆ ದೂರದ ಸಂಗತಿಯಲ್ಲ.

ಕರ್ನಾಟಕದ ಕಾಯ್ದೆ ರೂಪುಗೊಂಡದ್ದು 1982ರಲ್ಲಿ, ಜಾರಿಗೆ ಬಂದದ್ದು 1984ರಲ್ಲಿ. ಅದರಲ್ಲಿ ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಜೈಲು, ಕಟ್ಟಿಸಿದವರು ತಾಯಿತಂದೆ ಅಥವಾ ಬಳಗದವರಾದರೆ ಐದು ವರ್ಷದವರೆಗೆ ಎಂದಿತ್ತು. ಆಮೇಲೆ ಗುಡ್ಡದಲ್ಲಿ ಬಹಿರಂಗವಾಗಿ ಮುತ್ತು ಕಟ್ಟುವುದು ನಿಂತಿತು. ಪದ್ಧತಿ ಮಾತ್ರ ಗುಡ್ಡ ಇಳಿದು ಮನೆಯೊಳಗೆ ಹೋಯಿತು. ಜೋಗತಿಯ ಮನೆಯಲ್ಲಿ, ಹೊಲದ ಗುಡಿಯಲ್ಲಿ, ರಾತ್ರಿ ಹೊತ್ತು ನಡೆಯಿತು. ಪೊಲೀಸರು ಗುಡ್ಡದಲ್ಲಿ ಕಾಯಬಹುದು, ಓಣಿ ಓಣಿಯ ಅಡುಗೆಮನೆಯಲ್ಲಿ ಕಾಯುವವರು ಯಾರು? ಆ ಕೆಲಸಕ್ಕೆ ಮುತ್ತು ಕಟ್ಟಿಸಿಕೊಂಡವರೇ ಬೇಕಾಯಿತು.

ಅಂಥವರಲ್ಲಿ ಒಬ್ಬರು ಸೀತವ್ವ. ಅವರ ಊರು ಚಿಕ್ಕೋಡಿ ತಾಲೂಕಿನ ಕಬ್ಬೂರ. ಕಬ್ಬು, ತಂಬಾಕು ಬೆಳೆಯುವ ಸೀಮೆ. ನೋಡಲು ನಮ್ಮ ಊರುಗಳ ಹಾಗೆಯೇ ಇದೆ. ಪ್ರವಾಸಿಗರು ಹುಡುಕುವಂಥ ಸ್ಮಾರಕವೇನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಏಳನೆಯ ವಯಸ್ಸಿಗೆ ಮನೆಯವರು ಅವರಿಗೆ ಮುತ್ತು ಕಟ್ಟಿಸಿದರು. ಆ ಮೇಲಿನ ವರ್ಷಗಳ ಬಗ್ಗೆ ಅವರೇ ಸಭೆಗಳಲ್ಲಿ ಮಾತನಾಡಿದ್ದಾರೆ. ಅದನ್ನು ಅವರ ಬಾಯಿಂದಲೇ ಕೇಳಬೇಕು, ನನ್ನ ಬಾಯಿಂದಲ್ಲ. ಊರಿನ ರಸ್ತೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಡೆದೆವು. ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ.

ಘಟಪ್ರಭಾದಲ್ಲಿ ಮಾತ್ರ ಕೂತು ಕೇಳುವುದಕ್ಕೆ ಬಹಳ ಇತ್ತು. ರೈಲು ನಿಲ್ದಾಣದ ಊರು. ಡಾ. ನಾ. ಸು. ಹರ್ಡೀಕರರ ಸೇವಾದಳ, ಆರೋಗ್ಯಧಾಮದ ಆಸ್ಪತ್ರೆಗಳಿಂದ ನಮಗೆಲ್ಲ ಗೊತ್ತಿರುವ ಊರು. 1990ರ ದಶಕದ ಆರಂಭದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡ ಸಂಸ್ಥೆಯೂ ಸೇರಿ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿಯರ ಪುನರ್ವಸತಿಯ ಕೆಲಸ ಶುರುಮಾಡಿದವು. ಸೀತವ್ವ ಆ ಕೆಲಸದೊಳಗೆ ಬಂದದ್ದು ಆಗ. 1997ರಲ್ಲಿ ಆ ಹೆಣ್ಣುಮಕ್ಕಳದೇ ಒಂದು ಸಂಸ್ಥೆ ಹುಟ್ಟಿತು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ 'ಮಾಸ್'. ಸದಸ್ಯರು ಮಾಜಿ ದೇವದಾಸಿಯರು, ನಡೆಸುವವರೂ ಅವರೇ. ಈ ಸಂಗತಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸುಧಾರಕರು ಬಂದು ಕೈಹಿಡಿದು ಎತ್ತಿದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸಂಕೋಲೆ ತೊಟ್ಟವರೇ ಕಚೇರಿ ತೆರೆದು, ಲೆಕ್ಕ ಬರೆದು, ತಹಶೀಲ್ದಾರರ ಮುಂದೆ ಕುರ್ಚಿ ಎಳೆದುಕೊಂಡು ಕೂತ ಕಥೆ ಅಪರೂಪ.

ಅಲ್ಲಿ ಆ ದಾರಿಯಲ್ಲಿ ನಡೆದ ಹಿರಿಯ ಹೆಣ್ಣುಮಗಳೊಬ್ಬರು ಮಾತಿಗೆ ಸಿಕ್ಕರು. ಹೆಸರು ಬೇಡ ಎಂದರು. ಅವರು ಹೇಳಿದ್ದನ್ನು ಕೇಳಿ: "ಮೊದಲಿಗೆ ನಾವು ಮನಿಗೆ ಹೋದ್ರ ಬಾಗಲಾ ಹಾಕ್ಕೋತಿದ್ರು ಅಕ್ಕಾರ. ದೇವಿ ಸಿಟ್ಟಾಗ್ತಾಳ, ನಿಮ್ಮ ನೆಳ್ಳು ಬ್ಯಾಡ ಅಂತಿದ್ರು. ನಾನು ನನ್ನ ಕೊಳ್ಳಾನ ಮುತ್ತು ತಗದು ವರ್ಷಾತು, ನನಗೇನಾತು ನೋಡ್ರಿ ಅಂತ ಹೇಳಾಂವ್ರು. ಹಂಗ ಹೇಳೂದಕ್ಕ ನಮ್ಮಂಥಾವ್ರ ಬೇಕಿತ್ತು. ಸಾಯೇಬ್ರು ಹೇಳಿದ್ರ ಯಾರು ಕೇಳ್ತಿದ್ರು?"

ಜಡೆಯ ಕೆಲಸವನ್ನೂ ಅವರು ವಿವರಿಸಿದರು. ಹೆದರಿದ ತಾಯಿಯ ಮುಂದೆ ಹುಡುಗಿಯನ್ನು ಕೂರಿಸಿಕೊಂಡು ಗಂಟು ಬಿಡಿಸುವುದು, ಬಿಡದಿದ್ದರೆ ಕತ್ತರಿಸುವುದು, ತಲೆ ತೊಳೆದು ಎಣ್ಣೆ ಹಚ್ಚಿ ಬಾಚುವುದು. ಆಮೇಲೆ ವಾರಗಟ್ಟಲೆ ಆ ಮನೆಗೆ ಹೋಗಿ ಬರುತ್ತಿರಬೇಕು. ಆ ನಡುವೆ ಮನೆಯ ಎಮ್ಮೆಗೆ ಬೇನೆ ಬಂದರೂ ದೇವಿಯ ಮುನಿಸು ಎಂದು ಜನ ಆಡಿಕೊಳ್ಳುತ್ತಾರೆ, ಆಗ ತಾಯಿಯ ಜೊತೆ ನಿಲ್ಲಬೇಕು. ಉಳಿತಾಯದ ಗುಂಪು ಕಟ್ಟಿ, ಆಡು ಸಾಕಲು, ಎಮ್ಮೆ ಕಟ್ಟಲು, ಕಿರಾಣಿ ಅಂಗಡಿ ಇಡಲು ಸಾಲ ಕೊಡಿಸಬೇಕು. ಸಾಲ ಸಿಕ್ಕ ಮೇಲೆಯೇ "ಜೋಗ ಬೇಡೂದು ಬಿಡು" ಎಂಬ ಮಾತಿಗೆ ತೂಕ ಬರುವುದು. ಮಂಗಳವಾರ, ಶುಕ್ರವಾರ ಪಡ್ಡಲಗಿ ಹಿಡಿದು ಐದು ಮನೆ ಬೇಡಿ ಹೊಟ್ಟೆ ಹೊರೆಯುವವಳಿಗೆ ಬರೀ ಬುದ್ಧಿಮಾತು ಹೇಳಿದರೆ ಏನು ಬಂತು?

2018ರಲ್ಲಿ ಸೀತವ್ವ ಜೋಡಟ್ಟಿ ಅವರಿಗೆ ಪದ್ಮಶ್ರೀ ಬಂತು. ಆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಶಾಲೆಯ ಹುಡುಗಿಯರಿಗೆ ಓದಿ ಹೇಳಿದ್ದೆ. ನಾನು ಬಹಳ ವರ್ಷ ಅಕ್ಕೋರಾಗಿ ದುಡಿದವಳು. ಹೊಸ ಮಕ್ಕಳ ದಾಖಲಾತಿ ಅರ್ಜಿ ತುಂಬುವಾಗ 'ತಂದೆಯ ಹೆಸರು' ಎಂಬ ಸಾಲಿನ ಮುಂದೆ ಕೆಲವು ಮಕ್ಕಳ ತಾಯಂದಿರು ನೆಲ ನೋಡುತ್ತ ನಿಂತುಬಿಡುತ್ತಿದ್ದರು. ಕೆಲವರು ದೇವರ ಹೆಸರನ್ನೇ ಬರೆಸುತ್ತಿದ್ದರು. ಆ ಒಂದು ಸಾಲಿಗಾಗಿ ಶಾಲೆ ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. 2025ರಲ್ಲಿ ವಿಧಾನಮಂಡಲದ ಮುಂದೆ ಬಂದ ಹೊಸ ದೇವದಾಸಿ ಮಸೂದೆ ಈ ಮಕ್ಕಳ ಗುರುತಿನ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು ಎಂದು ಕೇಳಿ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಆ ಮಕ್ಕಳ ನೆನಪಿನಲ್ಲೇ ಅಥಣಿಯ ಹೆಸರನ್ನೂ ಹೇಳಬೇಕು. ಬನಹಟ್ಟಿಯಿಂದ ಕೃಷ್ಣೆ ದಾಟಿದರೆ ಅಥಣಿ ದೂರವೇನಲ್ಲ. ವಕೀಲರಾದ ಬಿ. ಎಲ್. ಪಾಟೀಲರು ಅಲ್ಲಿ 1985ರಲ್ಲಿ ವಿಮೋಚನಾ ಸಂಘ ಕಟ್ಟಿದರು. ಮುಂದೆ ಮಲಾಬಾದದಲ್ಲಿ ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆ ಬಂತು. ತಾಯಿಗೆ ಕಟ್ಟಿದ ಮುತ್ತು ಮಗಳಿಗೂ ದಾಟಬಾರದು ಎಂದರೆ ಮಗಳು ಆ ಮನೆಯ ಹೊಸ್ತಿಲಿನಿಂದ ದೂರ, ಪುಸ್ತಕದ ಹತ್ತಿರ ಇರಬೇಕು. ಲೆಕ್ಕ ಅಷ್ಟು ಸರಳ. ಅದನ್ನು ಮಾಡಿ ತೋರಿಸಲು ಮಾತ್ರ ಒಂದು ಆಯುಷ್ಯ ಬೇಕು.

ಸಂಕೋಲೆ ಕಳಚಿದವರ ಜಾಗಗಳನ್ನು ಬೇರೆ ಕಡೆ ಹೇಗೆ ಕಾಯ್ದುಕೊಂಡಿದ್ದಾರೆ ನೋಡಿ. ಅಮೆರಿಕದಲ್ಲಿ ಹ್ಯಾರಿಯಟ್ ಟಬ್ಮನ್ ಎಂಬ ತಾಯಿ ಇದ್ದಳು. ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿ ಹುಟ್ಟಿ, 1849ರಲ್ಲಿ ತಪ್ಪಿಸಿಕೊಂಡು, ತಾನು ಪಾರಾದದ್ದು ಸಾಲದೆಂದು ಹತ್ತಾರು ಸಲ ಹಿಂದಿರುಗಿ ಹೋಗಿ ಸುಮಾರು 70 ಮಂದಿಯನ್ನು ರಾತ್ರಿ ಹಾದಿಯಲ್ಲಿ ನಡೆಸಿಕೊಂಡು ಬಂದವಳು. 1913ರಲ್ಲಿ ತೀರಿಕೊಂಡಳು. ಇವತ್ತು ಅವಳು ನಡೆದ ಸೀಮೆಯೇ ಒಂದು ರಾಷ್ಟ್ರೀಯ ಉದ್ಯಾನ. 2017ರಲ್ಲಿ ಅಲ್ಲಿ ಸಂದರ್ಶಕರ ಕೇಂದ್ರ ತೆರೆಯಿತು. ಮೇಲ್ವಿಚಾರಕನೊಬ್ಬ ಎಸೆದ ತೂಕದ ಕಲ್ಲು ಬಾಲೆಯಾಗಿದ್ದ ಅವಳ ತಲೆಗೆ ಬಡಿದ ಬಕ್‌ಟೌನ್‌ನ ಅಂಗಡಿಯ ಜಾಗವನ್ನೂ ಜನ ಹೋಗಿ ನೋಡುತ್ತಾರೆ. 2021ರಲ್ಲಿ ಪುರಾತತ್ವದವರು ಜೌಗು ನೆಲ ಅಗೆದು, 1808ರ ಒಂದು ನಾಣ್ಯದ ಸುಳಿವು ಹಿಡಿದು, ಅವಳ ತಂದೆಯ ಗುಡಿಸಲಿದ್ದ ಜಾಗ ಕಂಡುಹಿಡಿದರು. ಕೆಸರಿನಡಿಯಿಂದ ಆ ಗುಡಿಸಲಿನ ಗುರುತನ್ನು ಅವರು ಹುಡುಕಿ ತೆಗೆದರು. ನಮ್ಮಲ್ಲಿ ಅಗೆಯುವ ಶ್ರಮವೇ ಇಲ್ಲ. ಜೋಗುಳಬಾವಿಯಲ್ಲಿ ನೀರಿದೆ, ಗುಡಿಯಲ್ಲಿ ದೀಪವಿದೆ, ಘಟಪ್ರಭಾದಲ್ಲಿ ಮುತ್ತು ಬಿಚ್ಚಿದ ಕೈಗಳಿವೆ.

ಯಲ್ಲಮ್ಮನ ಗುಡ್ಡದ ಪ್ರವಾಸೋದ್ಯಮ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ ಸುಮಾರು 100 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಯಾತ್ರಿಕರಿಗೆ ನೆರಳು, ನೀರು, ಶೌಚಾಲಯ, ದಾರಿ ಎಲ್ಲ ಆಗಲೇಬೇಕು, ಅದರಲ್ಲೂ ಹೆಣ್ಣುಮಕ್ಕಳಿಗೆ. ಅದರ ಜೊತೆಗೆ ಗುಡ್ಡದಲ್ಲಿ ಒಂದು ಕೋಣೆಯನ್ನು ಈ ಚರಿತ್ರೆಗೆಂದು ಮೀಸಲಿಡಲಿ ಎಂಬುದು ನನ್ನ ಬೇಡಿಕೆ. 'ಮುತ್ತು ಕಟ್ಟುವುದು ಅಪರಾಧ' ಎಂಬ ಎಚ್ಚರಿಕೆಯ ಫಲಕವೊಂದೇ ಸಾಲದು. ಕಾಯ್ದೆಗಳ ಇಸವಿಗಳು, ಅಂಬೇಡ್ಕರರ ಆ ಸಭೆಯ ವಿವರ, ಬಿಚ್ಚಿಟ್ಟ ಮುತ್ತಿನ ಸರಗಳು, ಒಪ್ಪಿದವರ ಭಾವಚಿತ್ರ ಅಲ್ಲಿರಲಿ. ಸರ್ಕಾರ ಮಾಡಿದ ದೇವದಾಸಿಯರ ಎಣಿಕೆಯೂ ಅಲ್ಲಿ ದೊಡ್ಡ ಅಕ್ಷರದಲ್ಲಿ ಇರಲಿ: 1993-94ರ ಸಮೀಕ್ಷೆಯಲ್ಲಿ ಸಿಕ್ಕವರು 22,873 ಮಂದಿ, 2007-08ರಲ್ಲಿ ಮತ್ತೆ ಸಿಕ್ಕವರು 23,787, ಒಟ್ಟು 46,660. ದೇವಿಯ ದರ್ಶನಕ್ಕೆ ಬಂದ ತಾಯಿಯೊಬ್ಬಳು ಆ ಕೋಣೆಯಲ್ಲಿ ಐದು ನಿಮಿಷ ನಿಂತರೆ ಅವಳ ಭಕ್ತಿಗೆ ಕುಂದಾಗದು. ಯಲ್ಲಮ್ಮನೂ ಗಂಡನ ಮಾತಿಗೆ ತಲೆ ಕೊಟ್ಟ ಹೆಣ್ಣುಮಗಳಲ್ಲವೇ? ತನ್ನ ಹೆಸರಿನಲ್ಲಿ ನೊಂದವರ ಕಥೆಯನ್ನು ಅವಳು ದೂರ ಇಡಲಾರಳು.

ಇದಕ್ಕೆ ಗುಡಿಯ ಆಡಳಿತ, ಜಿಲ್ಲಾಡಳಿತ, ಸರ್ಕಾರ ಮನಸ್ಸು ಮಾಡಬೇಕು, ದಿನ ಹಿಡಿಯುತ್ತದೆ. ಅಷ್ಟರೊಳಗೆ ಆಗಬೇಕಾದ ಕೆಲಸವೊಂದಿದೆ, ಅದು ಬಾನುಲಿಗೆ ಸಂಬಂಧಪಟ್ಟದ್ದು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಸೀಮೆಯ ಹಾಡುಗಾರರ, ಕವಿಗಳ, ರೈತರ ದನಿಯನ್ನು ಹಿಡಿದಿಟ್ಟಿದೆ. ಮುತ್ತು ಕಟ್ಟಿಸಿಕೊಂಡವರ ದನಿಯನ್ನೂ ಹಾಗೆಯೇ ಧ್ವನಿಮುದ್ರಿಸಿಕೊಳ್ಳಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ, ಎಲ್ಲ ಕಡೆಯವರದೂ ಬರಲಿ, ಅವರವರ ಮಾತಿನಲ್ಲೇ ಬರಲಿ, ಯಾರೂ ತಿದ್ದುವುದು ಬೇಡ. ಹೆಸರು ಹೇಳುವುದು, ಬಿಡುವುದು ಅವರಿಗೆ ಸೇರಿದ್ದು. ಕೆಲವರು ಮಕ್ಕಳ ಮದುವೆಯ ಚಿಂತೆಯಿಂದ ಈಗ ಬೇಡ ಎನ್ನಬಹುದು. ಅಂಥವರ ಮಾತನ್ನು ಅವರು ಹೇಳಿದಷ್ಟು ವರ್ಷ ಬೀಗ ಹಾಕಿಟ್ಟು ಕಾಯಬೇಕು. ಮಾತನಾಡಿದವರಿಗೆ ಕಲಾವಿದರಿಗೆ ಕೊಡುವಂತೆ ಸಂಭಾವನೆಯನ್ನೂ ಕೊಡಬೇಕು.

1982ರಲ್ಲಿ ಏಳು ವರ್ಷದವರಾಗಿದ್ದವರಿಗೆ ಇವತ್ತು ಐವತ್ತರ ಆಸುಪಾಸು. ಅವರಿಗಿಂತ ಹಿರಿಯರು ಎಪ್ಪತ್ತು, ಎಂಬತ್ತರ ಆಚೆಗಿದ್ದಾರೆ. ಅವರ ಮಾತು ಅವರೊಂದಿಗೇ ಹೋಗಿಬಿಡುವ ಮುಂಚೆ ಈ ಕೆಲಸ ಆಗಬೇಕು. ಬನಹಟ್ಟಿ, ರಬಕವಿಯ ಕಾಲೇಜು ಹುಡುಗಿಯರಲ್ಲಿ ಯಾರಾದರೂ ಇದಕ್ಕೆ ಮುಂದೆ ಬರುವುದಾದರೆ ಜೊತೆಗೆ ಓಡಾಡಲು ನಾನು ಸಿದ್ಧ. ಬರುವ ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವಾಗಲೇ ಶುರುಮಾಡಬಹುದು, ಜೋಗುಳಬಾವಿಯ ಕಟ್ಟೆಯ ಮೇಲೆ ಕೂತಿರುವ ಯಾವ ಅಜ್ಜಿಯನ್ನಾದರೂ ಮೊದಲು ಊಟ ಆಯಿತೇ ಎಂದು ಕೇಳಿ, ಆಮೇಲೆ ಮಾತಿಗೆ ಕೂತು.